ಒಂದು ಸಲದ ಅಳತೆ

ಅಸೂಟಿಗೆ ಬರುವ ಹೊತ್ತಿಗೆ ನನ್ನ ದನಿ ಬಿದ್ದುಹೋಗಿತ್ತು. ಬೆಳಗಿನಿಂದ ಸಂಜೆಯವರೆಗೆ ಅವೇ ಅಂಕಿಗಳನ್ನು ಸ್ಟಾಪ್‌ವಾಚಿನ ಮುಳ್ಳು ನೋಡುತ್ತ, ಸೆಕೆಂಡಿಗೊಂದರಂತೆ, ಏರಿಳಿತವಿಲ್ಲದೆ ಓದುವುದು ನನ್ನ ಕೆಲಸ. ಆರು, ಒಂಬತ್ತು, ಎರಡು. ಎದುರಿಗೆ ಕೂತವರು ಅದನ್ನು ಹಾಗೆಯೇ ಹೇಳಬೇಕು, ಆಮೇಲೆ ಹಿಂದುಮುಂದು ಮಾಡಿ, ಕೊನೆಯದರಿಂದ ಮೊದಲಿಗೆ ಹೇಳಬೇಕು. ನನ್ನ ದನಿಯಲ್ಲಿ ಸಹಾಯ ಇರಬಾರದು, ಮುಖದಲ್ಲಿ ಮೆಚ್ಚುಗೆ ಇರಬಾರದು. ಬೇಸಿಗೆಯಲ್ಲಿ ಗಜೇಂದ್ರಗಡದಲ್ಲಿ ಶುರುಮಾಡಿ, ಮಳೆಗಾಲವನ್ನು ನರಗುಂದದಲ್ಲಿ ಕಳೆದಿದ್ದೆವು. ಕೊಣ್ಣೂರಿಗೂ ಹೋಗುವುದಿತ್ತು. ಆದರೆ ಹೊಳೆ ಸೇತುವೆಯ ಮೇಲೆ ಹತ್ತಿತ್ತು, ಇಳಿಯುವವರೆಗೆ ಕಾಯಲು ಧಾರವಾಡದಿಂದ ಅಪ್ಪಣೆ ಬರಲಿಲ್ಲ. ಚಳಿಗಾಲಕ್ಕೆ ರೋಣದ ಪೇಟೆಯ ಹಿಂದೆ ಎರಡು ಖೋಲಿ ಹಿಡಿದು, ಅಲ್ಲಿಂದ ಅಸೂಟಿಯಂಥ ಸುತ್ತಲ ಹಳ್ಳಿಗಳಿಗೆ ಓಡಾಡತೊಡಗಿದೆವು. ನಾಡು ಒಂದಾಗಿ ವರ್ಷ ಕಳೆದಿತ್ತು, ಕಚೇರಿಯ ಕಾಗದಗಳ ಮೇಲೆ ಇನ್ನೂ ಮುಂಬೈ ಸರಕಾರದ ಮುದ್ರೆಯೇ ಕಾಣುತ್ತಿತ್ತು.

ನಾವು ಮೂವರು. ಧಾರವಾಡದಲ್ಲಿ ಕೂತ ಮುಖ್ಯಸ್ಥರು, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಊರೂರು ತಿರುಗುವ ಇಬ್ಬರಲ್ಲಿ ಒಬ್ಬರು ನನ್ನ ಸಹೋದ್ಯೋಗಿ. ಅವರು ಎತ್ತರ, ತೂಕ, ಮುಷ್ಟಿಯ ಬಲ ಅಳೆಯುವವರು. ಇನ್ನೊಬ್ಬಳು ನಾನು. ಹೆಂಗಸರ ಮುಂದೆ ಕೂತು ಪ್ರಶ್ನೆ ಕೇಳಲು ಹೆಂಗಸೇ ಬೇಕೆಂದು ನನ್ನನ್ನು ತೆಗೆದುಕೊಂಡಿದ್ದರು.

ಮುಖ್ಯಸ್ಥರ ಯೋಜನೆ ಹೇಳಲು ಸುಲಭ. ಮನುಷ್ಯನ ನೆನಪು, ತಿಳಿವಳಿಕೆ, ಕೈಬಲ ಬಾಲ್ಯದಿಂದ ಮುಪ್ಪಿನವರೆಗೆ ಹೇಗೆ ಏರಿ ಹೇಗೆ ಇಳಿಯುತ್ತವೆ ಎಂದು ತಿಳಿಯಬೇಕು. ಒಂದೇ ಮಗುವಿನ ಬೆನ್ನುಹತ್ತಿ ಅದು ಮುಪ್ಪಾಗುವವರೆಗೆ ಕಾಯುವಷ್ಟು ಆಯುಷ್ಯ ಯಾರಿಗಿದೆ? ಅದಕ್ಕೆ ಈ ವರ್ಷವೇ ಹತ್ತು ವರ್ಷದವರನ್ನೂ ನಲವತ್ತರವರನ್ನೂ ಎಪ್ಪತ್ತರವರನ್ನೂ ಅಳೆದು, ಅವರೆಲ್ಲರನ್ನು ಒಬ್ಬನೇ ಮನುಷ್ಯನ ಬದುಕೆಂಬಂತೆ ಸಾಲಾಗಿ ಜೋಡಿಸಿದರಾಯಿತು. ಆ ಸಾಲಿನ ಮೇಲೆ ಗೆರೆ ಎಳೆದರೆ ಅದೇ ಬೆಳವಣಿಗೆಯ ಗೆರೆ. ಗಜೇಂದ್ರಗಡ, ನರಗುಂದಗಳ ಅಂಕಗಳಿಂದ ಅವರು ಆ ಗೆರೆ ಎಳೆದೂ ಇದ್ದರು. ಇಪ್ಪತ್ತರ ತನಕ ಏರಿ, ಅಲ್ಲಿಂದ ಗುಡ್ಡದ ಇಳಿಜಾರಿನಂತೆ ಕೆಳಗೆ ಬರುವ ಗೆರೆ. ಅವರಿಗೆ ಬಹಳ ಸಂತೋಷವಾಗಿತ್ತು.

ಕೆಲಸ ಮಾತ್ರ ಹೆಜ್ಜೆಹೆಜ್ಜೆಗೆ ತಡವರಿಸುತ್ತಿತ್ತು. ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಪ್ಲೇಗು ಬಂದಾಗ ನೀವು ನಡೆಯುತ್ತಿದ್ದಿರೋ, ಇನ್ನೂ ತೊಟ್ಟಿಲಲ್ಲಿದ್ದಿರೋ. ಜ್ವರ ಬಂದು ಮನೆಮನೆಯಲ್ಲಿ ಜನ ಸತ್ತ ವರ್ಷ ನಿಮ್ಮ ಲಗ್ನವಾಗಿತ್ತೋ ಇಲ್ಲವೋ. ಹಿರಿಯ ಮಗ ಹುಟ್ಟಿದ್ದು ಅದಕ್ಕಿಂತ ಮೊದಲೋ ಆಮೇಲೋ. ಹೀಗೆ ಕೇಳಿ ಕೇಳಿ ವಯಸ್ಸನ್ನು ಅಂದಾಜು ಮಾಡುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಅಷ್ಟರಲ್ಲಿ ಎದುರಿನವರು ದಣಿದಿರುತ್ತಿದ್ದರು, ಆ ದಣಿವಿನ ಮೇಲೆ ನಾನು ಅಂಕಿ ಓದಬೇಕಿತ್ತು. ಕೂಸುಗಳ ತಲೆಯ ಸುತ್ತಳತೆ ತೆಗೆಯಲು ಟೇಪು ಹಿಡಿದರೆ ದೃಷ್ಟಿ ತಾಗುತ್ತದೆಂದು ತಾಯಂದಿರು ಸೆರಗು ಮುಚ್ಚುತ್ತಿದ್ದರು.

ನರಗುಂದದಲ್ಲೇ ನನಗೊಂದು ಸಣ್ಣ ಅನುಮಾನ ಹತ್ತಿತ್ತು. ಅಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದ ಮುಸಲ್ಮಾನ ಹಿರಿಯರೊಬ್ಬರು, ಅರವತ್ತು ದಾಟಿದವರು, ಚಿಕ್ಕಂದಿನಲ್ಲಿ ಉರ್ದು ಸಾಲಿ ಕಲಿತವರು. ಅಂಕಿಗಳನ್ನು ಕಾಲೇಜಿನ ಹುಡುಗರಂತೆ ಹೇಳಿದರು. ಅದೇ ವಾರ ಅಂಕಿ ಹೇಳಲಾಗದೆ ಕಣ್ಣೀರು ಹಾಕಿದ ಹೆಂಗಸಿಗೆ ಮೂವತ್ತೂ ತುಂಬಿರಲಿಲ್ಲ, ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಹಾಗಾದರೆ ನಾವು ಅಳೆಯುತ್ತಿರುವುದು ವಯಸ್ಸನ್ನೋ ಸಾಲಿಯನ್ನೋ ಎಂದು ಮುಖ್ಯಸ್ಥರನ್ನು ಕೇಳಿದ್ದೆ. ಎಲ್ಲ ಸೇರಿಸಿದ ಮೇಲೆ ನೋಡೋಣ ಎಂದಿದ್ದರು. ಆಮೇಲೆ ನಾನೂ ಕೇಳಲಿಲ್ಲ. ಇನ್ನೊಂದು ಮನೆ, ಇನ್ನೊಂದು ಪಡಸಾಲೆ, ಮತ್ತೆ ಆರು, ಒಂಬತ್ತು, ಎರಡು.

ಅಸೂಟಿಯಲ್ಲಿ ನಮ್ಮ ಪಾಲಿಗೆ ಬಂದ ಎಪ್ಪತ್ತರ ಹೆಂಗಸು ಒಬ್ಬ ವಿಧವೆ. ಊರೆಲ್ಲ ಆಯಿ ಎಂದೇ ಕರೆಯುತ್ತಿತ್ತು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಹಳ್ಳದ ದಂಡೆಗೆ ಒಳ್ಳೆಯ ಎರೆಹೊಲ. ಒಬ್ಬಳೇ ಮಗಳು, ಅವಳನ್ನು ರೋಣಕ್ಕೆ ಕೊಟ್ಟಿತ್ತು. ಪಕ್ಕದ ಮನೆಯಲ್ಲಿ ಮೈದುನನ ಮಗ. ಹೊಲ ಬಿತ್ತುವವನು ಅವನೇ. ವಯಸ್ಸಾದವರನ್ನು ಅಳೆಯುವಾಗ ವಯಸ್ಸಿನ ಖಾತ್ರಿಗೆ ಮನೆಯವರೊಬ್ಬರು ಕೂತಿರಬೇಕೆಂದು ಮುಖ್ಯಸ್ಥರ ನಿಯಮವಿತ್ತು. ಹಾಗಾಗಿ ಆ ದಿನ ಪಡಸಾಲೆಯಲ್ಲಿ ಆಯಿಯ ಬದಿಗೆ ಅವನು ಕೂತ. ನಡುವಯಸ್ಸಿನವನು, ಮರ್ಯಾದೆಯಾಗಿ ಮಾತಾಡುವವನು. ಹಿಂದಿನ ದಿನ ಗಂಡಸರ ಸರದಿಯಲ್ಲಿ ಅವನೂ ನಮ್ಮ ಮುಂದೆ ಕೂತು ಎದ್ದುಹೋಗಿದ್ದ.

ಆಯಿಗೆ ಪರೀಕ್ಷೆ ಚೆನ್ನಾಗಿ ಆಗಲಿಲ್ಲ. ಅಂಕಿಗಳಲ್ಲಿ ಮೂರು ದಾಟಿದರೆ ನಾಲ್ಕನೆಯದು ಜಾರಿಹೋಗುತ್ತಿತ್ತು. ಹಿಂದುಮುಂದು ಹೇಳುವುದು ಏನೆಂದು ತಿಳಿಯುವ ಹೊತ್ತಿಗೆ ಆ ಭಾಗವೇ ಮುಗಿದಿತ್ತು. ಚಿತ್ರದ ಕಾರ್ಡುಗಳಲ್ಲಿ ಬೆರಳಚ್ಚಿನ ಯಂತ್ರವಿತ್ತು, ಬೀದಿದೀಪದ ಕಂಬವಿತ್ತು; ಅವುಗಳಲ್ಲಿ ಏನು ಬಿಟ್ಟುಹೋಗಿದೆ ಎಂದು ಹೇಳಬೇಕಿತ್ತು. ಇದ್ದದ್ದೇನೆಂದೇ ಗೊತ್ತಿಲ್ಲದವರು ಬಿಟ್ಟದ್ದನ್ನು ಎಲ್ಲಿಂದ ಹೇಳಬೇಕು? ನೆನಪಿಟ್ಟು ಹೇಳಬೇಕಾದ ಕಥೆಯಲ್ಲಿ ಒಬ್ಬ ಮನುಷ್ಯ ರೈಲು ಹತ್ತಿ ಪಟ್ಟಣಕ್ಕೆ ಹೋಗಿ ಚೀಲ ಕಳೆದುಕೊಳ್ಳುತ್ತಾನೆ. ಅವನಿಗೆ ಹೆಂಡತಿ ಮಕ್ಕಳಿದ್ದಾರೋ ಇಲ್ಲವೋ ಎಂದು ಆಯಿ ನನ್ನನ್ನೇ ಕೇಳಿದರು, ಚೀಲವನ್ನು ಮರೆತರು. ಕೊನೆಗೆ ಪೆನ್ಸಿಲು ಕೊಟ್ಟು ಚೌಕ ಬರೆಯಲು ಹೇಳಿದಾಗ ಅದನ್ನು ಸೂಜಿಯಂತೆ ತುದಿಯಲ್ಲಿ ಹಿಡಿದು ನಕ್ಕುಬಿಟ್ಟರು. ಮೈದುನನ ಮಗನೂ ನಕ್ಕ. ಅವನ ನಗು ಸ್ವಲ್ಪ ಹೊತ್ತು ಹೆಚ್ಚೇ ಉಳಿಯಿತು. ಹೊರಗೆ ಬಂದಾಗ ಎಷ್ಟು ಅಂಕ ಬಿತ್ತೆಂದು ಕೇಳಿದ. ಅದನ್ನು ಯಾರಿಗೂ ಹೇಳುವುದಿಲ್ಲ, ಮೊದಲೇ ಮಾತು ಕೊಟ್ಟಿದ್ದೇವೆ ಎಂದೆ. ಅವನು ತಲೆಯಾಡಿಸಿದ. ಅಂಕ ಅವನಿಗೆ ಬೇಕಿರಲಿಲ್ಲ, ಕಣ್ಣಾರೆ ಕಂಡಿದ್ದ.

ಜೋಳ ತೆನೆ ಬಲಿತು ಕೊಯ್ಲು ಶುರುವಾದಾಗ ರೋಣದ ಕಚೇರಿಯ ಸಿಪಾಯಿ ನಮ್ಮ ಖೋಲಿಗೆ ಬಂದ. ತಾಲೂಕಿನ ಕಂದಾಯ ಅಧಿಕಾರಿ ಮಾಮಲೇದಾರರು ನನ್ನನ್ನು ವಿಚಾರಣೆಗೆ ಕರೆದಿದ್ದರು. ಸಂಗತಿ ಹೀಗಿತ್ತು. ಆಗಷ್ಟೇ ಹೊಸ ಕಾಯಿದೆ ಬಂದಿತ್ತು. ಅದುವರೆಗೆ ಗಂಡನ ಹೊಲದ ಮೇಲೆ ವಿಧವೆಗೆ ಬದುಕಿರುವ ತನಕ ಮಾತ್ರ ಹಕ್ಕು. ಅವಳ ನಂತರ ಗಂಡನ ಕಡೆಯವರಿಗೆ ಹೋಗಬಹುದಿತ್ತು. ಹೊಸ ಕಾಯಿದೆಯಂತೆ ಹೊಲ ಪೂರ್ತಿ ಅವಳದೇ. ಆಯಿ ಇದನ್ನು ಅಳಿಯನಿಂದ ತಿಳಿದು, ಹೊಲವನ್ನು ಮಗಳಿಗೆ ಬಕ್ಷೀಸ್ ಪತ್ರ ಮಾಡಿಕೊಟ್ಟಿದ್ದರು. ಮಗಳ ಹೆಸರನ್ನು ದಫ್ತರದಲ್ಲಿ ಏರಿಸುವಾಗ ಮೈದುನನ ಮಗ ತಕರಾರು ತೆಗೆದಿದ್ದ. ದೊಡ್ಡವ್ವನ ಬುದ್ಧಿ ನೆಟ್ಟಗಿಲ್ಲ, ಏನು ಕೊಟ್ಟೆನೆಂಬ ಖಬರು ಅವಳಿಗಿಲ್ಲ. ಧಾರವಾಡದಿಂದ ಬಂದ ಬಾಯಿಯವರು ಪರೀಕ್ಷೆ ಮಾಡಿದ್ದಾರೆ, ಮುಂದೆ ನಾನೇ ಇದ್ದೆ, ಅವರನ್ನೇ ಕೇಳಿರಿ ಎಂದಿದ್ದ.

ಸುದ್ದಿ ತಿಳಿದು ಮುಖ್ಯಸ್ಥರು ಗದಗಿನ ಬಸ್ಸಿಗೆ ಬಂದಿಳಿದರು. ಸಿಟ್ಟಾಗಿರಲಿಲ್ಲ, ಬೇಸರಗೊಂಡಿದ್ದರು.

“ನಮ್ಮದು ಸರಾಸರಿ ತಗಿಯೂ ಕೆಲಸರಿ. ಒಬ್ಬಾಕೀ ಹೊಲದ ಜಗಳ ನಮಗ ಬ್ಯಾಡ. ಕೇಳಿದ್ರ ಅಂಕ ಇಷ್ಟು ಅಂತ ಹೇಳಿ ಬರ್ರಿ. ಅರ್ಥ ಹಚ್ಚಾಕ ಹೋಗಬ್ಯಾಡ್ರಿ.”

ಅರ್ಥ ಹಚ್ಚದೆ ಬಿಟ್ಟರೆ ಅದಕ್ಕೆ ಅರ್ಥ ಹಚ್ಚುವವನು ಅಲ್ಲಿ ಕೂತೇ ಇರುತ್ತಾನಲ್ಲ ಎಂದೆ. ಆಯಾ ವಯಸ್ಸಿನವರ ಸರಾಸರಿಯ ಪಕ್ಕ ಆಯಿಯ ಅಂಕವನ್ನಿಟ್ಟು ನೋಡಿದೆ. ಇಪ್ಪತ್ತರವರಿಗಿಂತ ಎಷ್ಟೋ ಕೆಳಗೆ. ಆ ಗೆರೆಯನ್ನೇ ಮಾಮಲೇದಾರರ ಮುಂದೆ ಇಟ್ಟರೆ ಆಯಿ ಇಳಿಜಾರಿನ ತಳದಲ್ಲಿರುವ ಮುದುಕಿ. ನಾನೇ ತಿಂಗಳುಗಟ್ಟಲೆ ದನಿ ಸವೆಸಿ ಎಳೆಸಿದ ಗೆರೆ ಅದು.

ಎರಡು ಮೂರು ದಿನ ಹೊಸ ಮನೆಗಳಿಗೆ ಹೋಗಲಿಲ್ಲ. ಸಹೋದ್ಯೋಗಿಯೊಂದಿಗೆ ಕೂತು ಈವರೆಗಿನ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿ, ವಯಸ್ಸಿನ ಪ್ರಕಾರ ಇದ್ದ ಗಂಟುಗಳನ್ನು ಬಿಚ್ಚಿ, ಸಾಲಿ ಕಲಿತವರು ಕಲಿಯದವರು ಎಂದು ಮೊದಲು ಬೇರೆ ಮಾಡಿ, ಆಮೇಲೆ ವಯಸ್ಸು ನೋಡಿದೆವು. ಬೇಸರದ ಕೆಲಸ. ಒಂದು ಹಾಳೆ ತಪ್ಪಿದರೆ ಮತ್ತೆ ಮೊದಲಿನಿಂದ. ಸಾಲಿ ಕಾಣದ ಹೆಂಗಸರಲ್ಲಿ ಮೂವತ್ತರವರಿಗೂ ಎಪ್ಪತ್ತರವರಿಗೂ ಅಂಥ ಅಂತರವೇ ಇರಲಿಲ್ಲ. ಮುಷ್ಟಿಯ ಬಲ ಇಳಿದಿತ್ತು, ಅದು ಖರೆ. ಆದರೆ ಅಂಕಿ, ಚಿತ್ರ, ಚೌಕಗಳಲ್ಲಿ ಕಂಡ ಗುಡ್ಡದ ಹೆಚ್ಚಿನ ಭಾಗ ವಯಸ್ಸಿನದಲ್ಲ. ಇಂದಿನ ಹುಡುಗಿಯರು ಸಾಲಿಗೆ ಹೋಗುತ್ತಾರೆ, ಅವರ ಅಜ್ಜಿಯರು ಹೋಗಿರಲಿಲ್ಲ. ನಾವು ಬೇರೆ ಬೇರೆ ಕಾಲದಲ್ಲಿ ಬೆಳೆದವರನ್ನು ತಂದು ಒಬ್ಬನೇ ಮನುಷ್ಯನೆಂಬಂತೆ ಒಬ್ಬರ ಮುಂದೊಬ್ಬರನ್ನು ನಿಲ್ಲಿಸಿದ್ದೆವು.

ಇದನ್ನು ಹೇಳಬೇಕೆಂದು ನಿರ್ಧರಿಸಿದೆ. ಆದರೆ ಹೇಳಲು ಆಯಿಯ ಅಂಕವನ್ನು ಕಚೇರಿಯಲ್ಲಿ ಬಾಯಿಬಿಡಬೇಕಿತ್ತು. ಬಿಡುವುದಿಲ್ಲವೆಂದು ಅವರಿಗೆ ಮಾತು ಕೊಟ್ಟವಳು ನಾನೇ. ಹಾಗಾಗಿ ವಿಚಾರಣೆಗೆ ಮೊದಲು ಅಸೂಟಿಗೆ ಹೋದೆ.

ಆಯಿ ಬಾಗಿಲಲ್ಲೇ ನಿಂತಿದ್ದರು, ಒಳಗೆ ಕರೆಯಲಿಲ್ಲ. ರೋಣದಿಂದ ಬಂದಿದ್ದ ಮಗಳು ಹಿಂದೆ ನಿಂತಿದ್ದಳು.

“ಏನೋ ನೆನಪ ಐತಿ, ಕಥಿ ಐತಿ ಅಂತ ಕುಂದ್ರಿಸಿದಿ. ನಾ ಆಟ ಅಂತ ತಿಳದೆ. ನೀ ನನ್ನ ಹೊಲಾ ಕಿತ್ಕೊಳ್ಳಾಕ ಬಂದಿದ್ದಿ ಅಂತ ನನಗೇನ ಗೊತ್ತು?”

ನಾನು ಕೀಳಲು ಬಂದವಳಲ್ಲ ಎನ್ನುವುದು ಆಗ ಯಾವ ಉಪಯೋಗದ ಮಾತು? ಅದನ್ನು ಹೇಳದೆ, ಕಚೇರಿಯಲ್ಲಿ ಏನು ಕೇಳುತ್ತಾರೆ, ನಾನು ಏನು ಹೇಳಬೇಕೆಂದಿದ್ದೇನೆ, ಅದಕ್ಕೆ ಅವರ ಒಪ್ಪಿಗೆ ಏಕೆ ಬೇಕು ಎಂದು ನಿಂತಲ್ಲೇ ವಿವರಿಸಿದೆ. ಅವರಿಗೆ ಬಾರದ್ದನ್ನೆಲ್ಲ ಎಲ್ಲರೆದುರು ಹೇಳಬೇಕಾಗುತ್ತದೆ, ನಾಚಿಕೆಯಾಗಬಹುದು ಎಂದೂ ಹೇಳಿದೆ. ಮಗಳು ಬೇಡವೆಂದಳು. ಆಯಿ ಮಗಳ ಕಡೆ ನೋಡಲಿಲ್ಲ.

“ಬರಲಿಲ್ಲ ಅಂತ ಹೇಳು. ಬರಲಿಲ್ಲ, ಖರೇನ ಐತಿ. ಆದ್ರ ಅಷ್ಟಕ್ಕ ನಿಂದರಬ್ಯಾಡ.”

ವಿಚಾರಣೆಯ ದಿನ ಕಚೇರಿಯ ಪಡಸಾಲೆ ತುಂಬಿತ್ತು. ಪೇಟೆಗೆ ಹತ್ತಿ, ಕಡಲೆ ತಂದವರು, ಬೇರೆ ತಕರಾರಿನವರು, ಅಸೂಟಿಯಿಂದ ಬಂಡಿ ಕಟ್ಟಿಕೊಂಡು ಬಂದ ಹತ್ತಾರು ಜನ. ಮಾಮಲೇದಾರರು ವಯಸ್ಸಾದವರು, ನಿವೃತ್ತಿಗೆ ಹತ್ತಿರ. ಕನ್ನಡಕ ಮೇಲೆತ್ತಿ ಮಾತಾಡುತ್ತಿದ್ದರು. ಮೈದುನನ ಮಗ ತಾನು ಕಂಡದ್ದನ್ನು ಒಂದೂ ಬಿಡದೆ ಹೇಳಿದ. ಸುಳ್ಳೇನೂ ಇರಲಿಲ್ಲ. ಅಂಕಿ ಬಾರದ್ದು, ಚೌಕ ಬರೆಯದ್ದು, ಕಥೆಯ ಚೀಲ ಮರೆತದ್ದು. ಇದೆಲ್ಲ ಆದದ್ದು ಹೌದೇ ಎಂದು ಮಾಮಲೇದಾರರು ನನ್ನನ್ನು ಕೇಳಿದರು. ಹೌದು ಎಂದೆ. ಜನರಲ್ಲಿ ಗುಜುಗುಜು ಎದ್ದಿತು.

ಅಷ್ಟಕ್ಕೆ ನಿಲ್ಲದೆ, ಸಾಲಿ ಕಾಣದ ಮೂವತ್ತರ ಹೆಂಗಸರಿಗೂ ಇದೇ ಗತಿಯಾಗಿದೆ, ಪೆನ್ಸಿಲು ಹಿಡಿಯದವರಿಗೆ ಚೌಕ ಬರೆಯಲು ಬಾರದಿದ್ದರೆ ಅದು ಮುಪ್ಪಲ್ಲ ಎಂದು ವಿವರಿಸಿದೆ. ಅವರು ಕೇಳಿಕೊಂಡರು. ಆಮೇಲೆ ನೇರವಾಗಿ, ಈ ಮುದುಕಿಯ ಬುದ್ಧಿ ಇಳಿದಿದೆಯೋ ಇಲ್ಲವೋ, ಅಷ್ಟು ಹೇಳಿರಿ ಎಂದರು.

ಇಳಿದಿಲ್ಲ ಎಂದು ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅಸೂಟಿಯಿಂದ ಬಂದವರು ಅದನ್ನೇ ಕಾಯುತ್ತಿದ್ದರು. ಆದರೆ ಅದೂ ನನಗೆ ಗೊತ್ತಿರಲಿಲ್ಲ.

“ಹೇಳಾಕ ಬರೂದಿಲ್ರಿ ಸಾಹೇಬ್ರ,” ಎಂದೆ. “ಇಳದದ ಅನ್ನಬೇಕಂದ್ರ ಮೊದಲ ಎಷ್ಟಿತ್ತು ಗೊತ್ತಿರಬೇಕು. ನಾ ಇವರನ್ನ ಒಂದ ಸಲ ನೋಡೀನಿ. ಒಂದ ಸಲದ ಅಳತಿ ಮ್ಯಾಲೆ ಯಾರಿಗೂ ಇಳದದ ಅನ್ನಾಕ ಬರೂದಿಲ್ಲ, ಏರ್ಯದ ಅನ್ನಾಕೂ ಬರೂದಿಲ್ಲ.”

ಅವರು ಕನ್ನಡಕ ಕೆಳಗಿಳಿಸಿದರು. ನಂತರ ನಾನು ಎಣಿಸದ ಪ್ರಶ್ನೆ ಬಂತು. ತಕರಾರು ತೆಗೆದ ಇವನನ್ನೂ ನೀವು ಅಳೆದಿದ್ದೀರೇನು?

ಅಳೆದಿದ್ದೆವು. ಹಿಂದುಮುಂದು ಅಂಕಿ ಅವನಿಗೂ ಬಂದಿರಲಿಲ್ಲ. ಚೌಕದ ಬದಲು ಗುಂಡಗೆ ಏನೋ ಗೀಚಿಹೋಗಿದ್ದ. ಅದನ್ನು ಹೇಳಿದ್ದರೆ ಪಡಸಾಲೆ ನಗುತ್ತಿತ್ತು, ತಕರಾರು ಅಲ್ಲೇ ಬಿದ್ದುಹೋಗುತ್ತಿತ್ತು. ಆದರೆ ಅವನಿಗೂ ಮಾತು ಕೊಟ್ಟಿತ್ತು, ಆಯಿಯಂತೆ ಅವನು ನನಗೆ ಒಪ್ಪಿಗೆ ಕೊಟ್ಟಿರಲಿಲ್ಲ.

“ಅವರದೂ ಹೇಳಾಕ ಬರೂದಿಲ್ರಿ,” ಎಂದೆ.

ಯಾರೂ ನಗಲಿಲ್ಲ. ಆದರೆ ಎಲ್ಲರೂ ಅವನತ್ತ ತಿರುಗಿ ನೋಡಿದರು. ಅವನು ನೆಲ ನೋಡತೊಡಗಿದ. ಆ ಕ್ಷಣ ಮಾತು ಉಳಿಸಿಕೊಂಡೆನೋ, ಸುಮ್ಮನಿದ್ದೇ ಮುರಿದೆನೋ, ನನಗೆ ಈಗಲೂ ತೀರ್ಮಾನವಾಗಿಲ್ಲ.

ಮಾಮಲೇದಾರರು ಅಂಕಿ, ಚಿತ್ರಗಳನ್ನು ಬದಿಗಿಟ್ಟು ಆಯಿಯನ್ನು ಹತ್ತಿರ ಕರೆದರು. ಏನು ಕೊಟ್ಟಿರಿ, ಯಾರಿಗೆ ಕೊಟ್ಟಿರಿ, ಮುಂದೆ ನಿಮ್ಮ ಗತಿ ಏನು ಎಂದು ಕೇಳಿದರು. ಹೊಲ ಕೊಟ್ಟಿದ್ದೇನೆ, ಮನೆ ಕೊಟ್ಟಿಲ್ಲ. ನಾನಿರುವ ತನಕ ಕಾಳು ಅಳೆದು ಕೊಡಬೇಕೆಂದು ಪತ್ರದಲ್ಲಿ ಬರೆಸಿದ್ದೇನೆ ಎಂದರು ಆಯಿ. ಮೊಮ್ಮಕ್ಕಳ ಹೆಸರು ಕೇಳಿದಾಗ ನಡುವಿನವನನ್ನು ಬಿಟ್ಟರು. ಮಗಳು ನೆನಪಿಸಬೇಕಾಯಿತು. ಮಾಮಲೇದಾರರು ಅದನ್ನೂ ಬರೆದುಕೊಂಡರು. ಕೊಟ್ಟದ್ದರ ಖಬರು ಇದೆ ಎಂದು ಮಗಳ ಹೆಸರು ಏರಿಸಲು ಅಲ್ಲೇ ಹುಕುಂ ಮಾಡಿದರು. ಮೈದುನನ ಮಗನಿಗೆ ಒಪ್ಪಿಗೆಯಾಗದಿದ್ದರೆ ಕೋರ್ಟು ಇದೆ ಎಂದರು. ಅವನು ಕೋರ್ಟಿಗೆ ಹೋಗಲಿಲ್ಲ. ಆ ಹೊಲವನ್ನೂ ಮುಂದೆ ಬಿತ್ತಲಿಲ್ಲ. ವರ್ಷಗಟ್ಟಲೆ ಅದರಲ್ಲಿ ಬೆವರು ಸುರಿಸಿದವನು ಅವನೇ ಎಂಬುದೂ ಸುಳ್ಳಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಮಗಳು ಬಂಡಿ ಕಟ್ಟಿಸುತ್ತಿದ್ದಾಗ ಆಯಿ ನನ್ನನ್ನು ಬದಿಗೆ ಕರೆದರು. ಉಪಕಾರದ ಮಾತೇನೂ ಆಡಲಿಲ್ಲ.

“ತಂಗೀ, ಒಳಗ ಹೇಳಿದ್ದು ಬಿಡು. ನನಗ ಖರೇ ಹೇಳು. ಬುದ್ಧಿ ಕಮ್ಮಿ ಆಗೈತೇನು?”

“ನನಗ ಖರೇನ ಗೊತ್ತಿಲ್ಲ ಆಯಿ.”

“ಗೊತ್ತಾಗೂದು ಹ್ಯಾಂಗ?”

“ಮತ್ತ ಬಂದು ನೋಡಬೇಕು. ಬರೂ ವರ್ಷ ಒಮ್ಮೆ, ಅದರ ಮುಂದಿನ ವರ್ಷ ಒಮ್ಮೆ.”

“ಹಂಗಾರ ಬಾ,” ಎಂದು ಬಂಡಿ ಹತ್ತಿದರು. “ಅವ ಮಾತ್ರ ಬದಿಗಿ ಕುಂದ್ರಬಾರದು.”

ಆಮೇಲೆ ಆ ಭಾಗದಲ್ಲಿ ಕೆಲಸ ನಡೆಯಲಿಲ್ಲ. ನಮ್ಮ ಮುಂದೆ ಕೂತರೆ ಹೊಲ ಕಚೇರಿಗೆ ಹೋಗುತ್ತದೆಂದು ಸುದ್ದಿ ಹಬ್ಬಿ, ಅಸೂಟಿಯಲ್ಲಷ್ಟೇ ಅಲ್ಲ, ಸುತ್ತಲ ಊರುಗಳಲ್ಲೂ ಬಾಗಿಲು ಮುಚ್ಚಿಕೊಂಡವು. ನಾವು ಬರುವುದನ್ನು ಕಂಡರೆ ಮುದುಕಿಯರು ಹಿತ್ತಲಿಗೆ ಸರಿಯುತ್ತಿದ್ದರು. ಸ್ವಲ್ಪ ದಿನ ಅಲೆದು, ಪೆಟ್ಟಿಗೆ ಕಟ್ಟಿಕೊಂಡು ಧಾರವಾಡಕ್ಕೆ ಮರಳಿದೆವು. ನಾವು ಬಿಡಿಸಿ ಕಟ್ಟಿದ ಹಾಳೆಗಳನ್ನು ಮುಖ್ಯಸ್ಥರು ನೋಡಿದರು. ಇದರಲ್ಲಿ ಸತ್ಯವಿದೆ ಎಂದು ಒಪ್ಪಿದರು. ಅದೇ ಜನರನ್ನು ಐದು ವರ್ಷ ಬಿಟ್ಟು ಮತ್ತೆ ಅಳೆಯೋಣ, ಆಗ ಯಾರದು ನಿಜವಾಗಿ ಇಳಿದಿದೆ ಗೊತ್ತಾಗುತ್ತದೆ ಎಂದು ನಾನು ಕೇಳಿಕೊಂಡೆ. ಐದು ವರ್ಷದ ಕೆಲಸಕ್ಕೆ ಯಾರೂ ಒಪ್ಪುವುದಿಲ್ಲ ಎಂದರು. ವರದಿ ಅಚ್ಚಾಗಿ ಬಂದಾಗ ಗುಡ್ಡದಂಥ ಗೆರೆ ಇದ್ದಲ್ಲೇ ಇತ್ತು. ನಮ್ಮ ಆಕ್ಷೇಪಕ್ಕೆ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಜಾಗ ಸಿಕ್ಕಿತ್ತು. ಸಹೋದ್ಯೋಗಿ ಬೇರೆ ಇಲಾಖೆಗೆ ಹೋದರು. ನಾನು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದೆ.

ಅಸೂಟಿಗೆ ಮಾತ್ರ ಮುಂದಿನ ವರ್ಷ ರಜೆಯಲ್ಲಿ ಹೋದೆ. ಯಾರ ಅಪ್ಪಣೆಯೂ ಇರಲಿಲ್ಲ, ಯಾವ ಲೆಕ್ಕಕ್ಕೂ ಸೇರುವುದಲ್ಲ. ಈ ಸಲ ಯಂತ್ರದ ಚಿತ್ರ, ರೈಲಿನ ಕಥೆ ಬಿಟ್ಟೆ. ಅಂಕಿ ಇಟ್ಟುಕೊಂಡೆ. ಜೊತೆಗೆ ಹೊಸದಾಗಿ, ಬಿತ್ತನೆಯಿಂದ ರಾಶಿಯವರೆಗಿನ ಕೆಲಸಗಳ ಹೆಸರನ್ನು ಕಲಸಿ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ನೆನಪು ಮಾಡಿಕೊಳ್ಳಲು ಕೇಳಿದೆ. ಬಾಗಿಲು ಮುಚ್ಚಿ ನಾವಿಬ್ಬರೇ ಕೂತೆವು. ಅಂಕಿಗಳಲ್ಲಿ ಹಿಂದಿನ ಸಲಕ್ಕಿಂತ ಒಂದು ಹೆಚ್ಚೇ ಹೇಳಿದರು. ಬುದ್ಧಿ ಏರಿತೇನು ಎಂದು ನಕ್ಕರು. ಒಮ್ಮೆ ಮಾಡಿದ್ದರಿಂದ ರೂಢಿಯಾಗಿರಬಹುದು, ಇಷ್ಟಕ್ಕೆ ಏನೂ ಹೇಳಲಾಗದು ಎಂದೆ. ನಿನಗೆ ಯಾವಾಗ ಕೇಳಿದರೂ ಇದೇ ಮಾತು ಎಂದರು.

ಮರುವರ್ಷ ಮತ್ತೆ ಹೋದೆ. ಅದೇ ಪಡಸಾಲೆ, ಅದೇ ಹೊತ್ತು, ಅದೇ ಸೆಕೆಂಡಿಗೊಂದು ಅಂಕಿ. ಆಯಿ ಮೂರರಲ್ಲೇ ನಿಂತರು. ನಿಂತದ್ದು ತಿಳಿಯದೆ ಎರಡು ಎಂಬ ಅಂಕಿಯನ್ನೇ ಮತ್ತೊಮ್ಮೆ ಹೇಳಿದರು. ಹೊಲದ ಕೆಲಸಗಳಲ್ಲಿ ಕಳೆ ತೆಗೆಯುವುದು, ರಾಶಿ ಮಾಡುವುದು ಎರಡೇ ನೆನಪಾದವು. ಹಿಂದಿನ ವರ್ಷ ಎಲ್ಲವನ್ನೂ ಹೇಳಿದ್ದವರು. ದಣಿವಿರಬಹುದೆಂದು ಊಟವಾದ ಮೇಲೆ, ಮಲಗಿ ಎದ್ದ ಮೇಲೆ ಇನ್ನೊಮ್ಮೆ ಕೇಳಿದೆ. ಅದೇ. ನಾನು ಕಾಗದಗಳನ್ನು ಜೋಡಿಸುವ ನೆವದಲ್ಲಿ ತಲೆ ತಗ್ಗಿಸಿದ್ದೆ.

“ಈ ಸಲ ಗೊತ್ತಾತೇನು?” ಎಂದರು.

ದಾರಿಯುದ್ದಕ್ಕೂ ನನ್ನ ಕೆಲಸಕ್ಕೆ ಉತ್ತರ ಸಿಗಬೇಕೆಂದು ಬಯಸಿದ್ದೆ. ಈಗ ಸಿಕ್ಕಿತ್ತು. ಅಂಕಿ ಓದುವ ದನಿಯಲ್ಲೇ ಹೇಳಿದೆ.

“ಹೂಂ ಆಯಿ. ಇಳದದ.”

ಅವರು ಅಂಗಳದ ಕಡೆ ನೋಡಿದರು. ರಾಶಿಗೆಂದು ರೋಣದಿಂದ ಬಂದಿದ್ದ ಮಗಳು ಅಲ್ಲಿ ಬಿಸಿಲಿಗೆ ಹಾಕಿದ ಕಾಳನ್ನು ಕಾಲಿನಿಂದ ಆಡಿಸುತ್ತಿದ್ದಳು. ಆಯಿ ನನ್ನ ಮೊಣಕಾಲ ಮೇಲೆ ಕೈಯಿಟ್ಟರು.

“ನನಗೂ ಹಂಗ ಅನಿಸಿತ್ತು. ಆಕಿಗಿ ನಾನ ಹೇಳತೀನಿ. ನೀ ಹೇಳಬ್ಯಾಡ.”